ರಕ್ತಬೀಜನಿಗೆ ಬಾಲ ಮೂರು

ಕಡಲು ಮಲ್ಪೆಯಲ್ಲೂ ಉಂಟು, ಕಾಪುವಿನಲ್ಲೂ ಉಂಟು. ನೋಡಲಿಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕಾಲು ಅದ್ದಲಿಕ್ಕೆ ಅರ್ಜಿ ಹಾಕಬೇಕಾಗಿಲ್ಲ. ಆದರೂ ಮಣಿಪಾಲದ ಗುಡ್ಡದ ಮೇಲೆ ಫ್ಲ್ಯಾಟು ಕೊಂಡ ಕೆಲವರಿಗೆ ಅಷ್ಟು ಕಡಲು ಸಾಲುವುದಿಲ್ಲ. ಅವರಿಗೆ ಅದು ಟೀವಿಯ ಪಕ್ಕದಲ್ಲೇ ಬೇಕು. ಸ್ವಿಚ್ಚು ಒತ್ತಿದರೆ ಅಲೆ ಏಳಬೇಕು, ನೀಲಿ ದೀಪ ಹಾಕಿದರೆ ಹವಳ ಹೊಳೆಯಬೇಕು. ನಮ್ಮ ಮೇಷ್ಟ್ರು ಆ ಪೈಕಿಯವರು. ಹೆಸರು ಬೇಡ, ಹೇಳಿದರೆ ನಾಳೆಯಿಂದ ಅವರ ಮನೆಯಲ್ಲಿ ನನಗೆ ಕಾಫಿ ಸಿಗುವುದಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಪೆಟ್ಟಿಗೆ ಅವರದು. ಕಲ್ಲು, ಮರಳು ಕಳೆದರೆ 50 ಲೀಟರಿಗೂ ಕಡಿಮೆ ನೀರು. ಅದಕ್ಕೆ ಅವರು ‘ರೀಫ್’ ಅನ್ನುತ್ತಾರೆ. ಅವರ ಹೆಂಡತಿ ‘ಕರೆಂಟು ಬಿಲ್ಲು’ ಅನ್ನುತ್ತಾರೆ.

ಕಡಲಿನ ಪಕ್ಕದಲ್ಲೇ ಕೂತು ಕಡಲ ನೀರನ್ನು ಕೈಯಾರೆ ತಯಾರಿಸುವುದು ಈ ಹವ್ಯಾಸದ ಮೊದಲ ಗಮ್ಮತ್ತು. ಸುವರ್ಣಾ ನದಿಯಿಂದ ಬಂದ ನಳ್ಳಿ ನೀರನ್ನು ಆರ್‌ಓ ಯಂತ್ರಕ್ಕೆ ಹಾಯಿಸಿ, ಅದರಲ್ಲಿದ್ದ ಅಲ್ಪಸ್ವಲ್ಪ ಖನಿಜವನ್ನೂ ಕಳೆಯಬೇಕು. ಆಮೇಲೆ ‘ರೆಡ್ ಸೀ’ ಎಂದು ಬರೆದ ಬಕೆಟ್ಟಿನಿಂದ ಉಪ್ಪು ತೆಗೆದು, ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ ಉಪ್ಪಿನಂಶ ನಿಲ್ಲುವಷ್ಟು ಕಲಸಿ, ಒಂದು ಹನಿಯನ್ನು ದುರ್ಬೀನಿನಂಥ ಸಾಧನಕ್ಕೆ ಹಾಕಿ ಕಣ್ಣು ಕಿರಿದು ಮಾಡಿ ನೋಡಬೇಕು. ಗೆರೆ 1.025ರ ಹತ್ತಿರ ನಿಂತರೆ ಮೇಷ್ಟ್ರ ಮುಖದಲ್ಲಿ ಕಳೆ. ಅರಬ್ಬೀ ಸಮುದ್ರ ಕಿಟಕಿಯಾಚೆ ಸುಮ್ಮನೆ ಬಿದ್ದಿರುವಾಗ ಮನೆಯೊಳಗೆ ಕೆಂಪು ಸಮುದ್ರದ ಹೆಸರಿನ ಬಕೆಟ್ಟು!

ಇದನ್ನು ನೋಡಿ ಮೊದಲು ನಕ್ಕವರು ಕಾಪುವಿನ ಬೋಟಿನ ಅಣ್ಣ. “ಎಂತ ಮಾರಾಯ್ರೆ, ಉಪ್ಪುನೀರು ಬೇಕಿದ್ದರೆ ಒಂದು ಫೋನು ಮಾಡಿದರೆ ಸಾಕಿತ್ತು. ಕ್ಯಾನಿಗೆ ತುಂಬಿಸಿ ಬಸ್ಸಿಗೆ ಹಾಕುತ್ತಿದ್ದೆ” ಎಂದರು. ಮೇಷ್ಟ್ರ ಬಳಿ ಇದಕ್ಕೆ ಉತ್ತರ ಉಂಟು, ಆ ಉತ್ತರದಲ್ಲಿ ಹುರುಳೂ ಉಂಟು. ಜೂನ್ ಹಿಡಿದು ಸೆಪ್ಟೆಂಬರ್ ತನಕ ಸೀತಾ, ಸುವರ್ಣಾ, ಉದ್ಯಾವರದ ಹೊಳೆ ಎಲ್ಲವೂ ಸೇರಿ ಘಟ್ಟದ ಕೆಂಪು ನೀರನ್ನು ತಂದು ಕಡಲಿಗೆ ಸುರಿಯುತ್ತವೆ. ದಡದ ಹತ್ತಿರ ಉಪ್ಪಿನಂಶ ಇಳಿಯುತ್ತದೆ, ಕೆಸರು ಏರುತ್ತದೆ. ಹವಳಕ್ಕೆ ಎರಡೂ ಆಗಿಬರುವುದಿಲ್ಲ. ಉಡುಪಿಯ ಎದುರಿಗಿನ ಸೈಂಟ್ ಮೇರೀಸ್ ದ್ವೀಪದಲ್ಲಿ ಲಾವಾದ ಕಂಬಗಳಿವೆಯೇ ಹೊರತು ಪೋಸ್ಟ್‌ಕಾರ್ಡಿನಲ್ಲಿ ಕಾಣುವಂಥ ಹವಳದ ದಿಬ್ಬ ಇಲ್ಲ. ಹವಳ ನೋಡಲೇಬೇಕೆಂದು ಹಟ ಹಿಡಿದವರು ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ಮುಳುಗುತ್ತಾರೆ.

“ಹಾಗಾದರೆ ಅಲ್ಲಿಂದಲೇ ಒಂದು ತುಂಡು ಮುರಿದು ತಂದರಾಯಿತಲ್ಲ” ಎಂದು ಯಾರೋ ಕೇಳಿದ್ದುಂಟು. ಕೇಳಿದವರು ಜಾಮೀನಿಗೆ ಯಾರನ್ನಾದರೂ ಗೊತ್ತು ಮಾಡಿಕೊಂಡಿರುವುದು ಒಳ್ಳೆಯದು. 2001ರಿಂದ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲವೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ಕೂತಿವೆ. 2022ರ ತಿದ್ದುಪಡಿ ಆದ ಮೇಲೆ ಆ ಪಟ್ಟಿಯ ಜೀವಿಯ ತಂಟೆಗೆ ಹೋದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಮೇಷ್ಟ್ರು ಕಾನೂನು ಓದಿದವರು. ಅವರ ಪೆಟ್ಟಿಗೆಯಲ್ಲಿ ಇರುವುದೆಲ್ಲ ಆ ಪಟ್ಟಿಗೆ ಸೇರದ ಮೆತ್ತನೆಯ ಬಳಗ: ಗುಂಡಿಯಗಲದ ಝೋವಾಗಳು, ಅಣಬೆಯ ಆಕಾರದ ಮಶ್ರೂಮ್‌ಗಳು, ಬೆರಳು ಅಲ್ಲಾಡಿಸುವ ಲೆದರ್. ಬೆಂಗಳೂರಿನ ಹವ್ಯಾಸಿಯೊಬ್ಬರ ತೊಟ್ಟಿಯಲ್ಲಿ ಬೆಳೆದದ್ದು, ಸಣ್ಣ ಪ್ಲಗ್ಗಿಗೆ ಅಂಟಿಸಿ ಪ್ಯಾಕೆಟ್ಟಿನಲ್ಲಿ ರಾತ್ರಿ ಬಸ್ಸಿನಲ್ಲಿ ಬಂದದ್ದು. ಕಾನೂನಿನ ಕಣ್ಣು ತಪ್ಪಿಸಿ ಅವರ ಮನೆಗೆ ಏನೂ ಬರಲಿಲ್ಲ. ಅವರದೇ ಕಣ್ಣು ತಪ್ಪಿಸಿ ಒಂದು ಬಂತು.

ಮೊದಮೊದಲು ಮುಂದಿನ ಗಾಜಿನ ಮೇಲೆ ತುಕ್ಕಿನ ಚುಕ್ಕೆ. ಮೇಷ್ಟ್ರು ಬೆರಳಿನಿಂದ ಒರೆಸಿದರು. ಚುಕ್ಕೆ ಒಳಗಡೆ ಇತ್ತು. ಮರುದಿನ ಅದು ಜಾಗ ಬದಲಿಸಿತ್ತು. ವಾರ ಕಳೆಯುವುದರೊಳಗೆ ಅದಕ್ಕೆ ಸಂಸಾರ ಆಗಿತ್ತು. ಭೂತಗನ್ನಡಿ ಹಿಡಿದರೆ ಕಂಡದ್ದು ಅರ್ಧ ಸೆಂಟಿಮೀಟರ್ ಉದ್ದದ, ಹಾಳೆಯಷ್ಟು ತೆಳುವಾದ, ಕಂದುಗೆಂಪು ಬಣ್ಣದ ಹುಳ. ತಲೆ ಎಲ್ಲಿ ಎಂದು ಹುಡುಕಬೇಕು, ಬಾಲ ಮಾತ್ರ ಮೂರು. ರೀಫ್ ಇಟ್ಟವರು ಇದನ್ನು ಕೆಂಪು ಚಪ್ಪಟೆ ಹುಳ ಅನ್ನುತ್ತಾರೆ, ಉಳಿದಂತೆ ಅನ್ನುವುದನ್ನು ಅಚ್ಚು ಹಾಕುವ ಹಾಗಿಲ್ಲ.

ಮಣಿಪಾಲದಲ್ಲಿ ಒಂದು ಸೌಕರ್ಯ ಉಂಟು. ಯಾವ ಕಾಯಿಲೆ ಬರಲಿ, ಯಾವ ಹುಳ ಬರಲಿ, ಎರಡು ಮಹಡಿ ಕೆಳಗೆ ಅದರ ಮೇಲೆಯೇ ಪಿಎಚ್‌ಡಿ ಮಾಡುತ್ತಿರುವವರು ಸಿಗುತ್ತಾರೆ. ಹುಡುಗಿಯೊಬ್ಬಳು ಬಂದು ಹನಿ ನೀರಿನ ಸಮೇತ ಹುಳವನ್ನು ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಸಂಜೆ ವರದಿ ತಂದಳು. ಇದು ಕಾನ್ವೊಲ್ಯುಟ್ರಿಲೋಬ. ಇದರ ಒಂದು ಪ್ರಭೇದಕ್ಕೆ 1988ರಲ್ಲಿ ಸ್ವೀಡನ್ನಿನ ಹೆಂಡೆಲ್‌ಬರ್ಗ್ ಮತ್ತು ಓಕೆಸನ್ ಎಂಬ ವಿಜ್ಞಾನಿಗಳು ನಾಮಕರಣ ಮಾಡಿದರು. ಅವರಿಗದು ಸಿಕ್ಕಿದ್ದು ಕಡಲಿನಲ್ಲಲ್ಲ, ಅಕ್ವೇರಿಯಂನಲ್ಲಿ. ಅಂದರೆ ಜಗತ್ತಿಗೆ ಇದರ ಪರಿಚಯ ಆದದ್ದೇ ಮೇಷ್ಟ್ರಂಥವರ ದಯೆಯಿಂದ. ಇದರ ಮೈತುಂಬ ಸೂಕ್ಷ್ಮ ಪಾಚಿ ವಾಸ ಉಂಟು. ಬೆಳಕು ಬಿದ್ದರೆ ಆ ಪಾಚಿ ಅಡಿಗೆ ಮಾಡಿ ಹುಳಕ್ಕೂ ಬಡಿಸುತ್ತದೆ. ಸಾಲದಿದ್ದರೆ ಹುಳ ತಾನೇ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಬಾಯಿ ಉಂಟು, ಆದರೆ ಒಳಗೆ ಹೊಟ್ಟೆಯ ಕುಳಿ ಎಂಬುದು ಇಲ್ಲ.

“ಹೊಟ್ಟೆಯೇ ಇಲ್ಲವಾ?” ಎಂದು ಕೇಳಿದವರು ಮೇಷ್ಟ್ರ ಅಮ್ಮ. ಉಡುಪಿ ರಥಬೀದಿಯ ಹತ್ತಿರ ಹುಟ್ಟಿ, ಊಟ ಬಡಿಸುವುದರಲ್ಲೇ ಆಯುಷ್ಯ ಸವೆಸಿದ ಜೀವ. ಹೊಟ್ಟೆಯಿಲ್ಲದ ಅತಿಥಿ ಅವರಿಗೆ ಅದೇ ಮೊದಲು.

ಹುಡುಗಿ ಇನ್ನೂ ಮುಗಿಸಿರಲಿಲ್ಲ. ಇದು ನಿಜವಾದ ಚಪ್ಪಟೆ ಹುಳವೂ ಅಲ್ಲವಂತೆ. 1999ರ ಸುಮಾರಿಗೆ ವಂಶವಾಹಿಗಳನ್ನು ಹೋಲಿಸಿ ನೋಡಿದವರು ಈ ಮನೆತನವನ್ನು ಚಪ್ಪಟೆ ಹುಳಗಳ ಕುಟುಂಬದಿಂದ ಪಾಲು ಮಾಡಿ ಹೊರಗಿಟ್ಟರಂತೆ. ಮೇಷ್ಟ್ರ ಹೆಂಡತಿ ಒಳಗಿನಿಂದ, “ಆ ಕುಟುಂಬದಿಂದ ಹೊರಗೆ ಹಾಕಿದವರು ನಮ್ಮ ಮನೆಗೆ ಯಾಕೆ ಕಳಿಸಿದರಂತೆ, ಕೇಳು” ಎಂದರು.

ಇನ್ನು ಸಂತಾನದ ಕತೆ. ಈ ಹುಳದ ಹಿಂಬದಿಯಲ್ಲಿ ಮೊಗ್ಗು ಮೂಡುತ್ತದೆ. ಮೊಗ್ಗಿನ ತಲೆ ತಾಯಿಯ ತಲೆಗೆ ಸರಿಯಾಗಿ ವಿರುದ್ಧ ದಿಕ್ಕಿಗೆ. ತಾಯಿ ಕಾಪುವಿಗೆ ಹೊರಟರೆ ಮಗು ಕಾರ್ಕಳಕ್ಕೆ. ಕಳಚಿಕೊಂಡರೆ ಮಗುವೇ ಒಂದು ಸ್ವತಂತ್ರ ಹುಳ, ಅದರ ಬೆನ್ನಿಗೂ ನಾಳೆ ಮೊಗ್ಗು. ಮದುವೆ ಬೇಡ, ಛತ್ರ ಬೇಡ. ಚಿಮಟ ಹಾಕಿ ಎಳೆದು ತುಂಡು ಮಾಡಿದರೆ ತುಂಡೂ ಬೆಳೆಯಬಲ್ಲದು. ಇವುಗಳ ದೂರದ ಹೆಸರಿನ ನಂಟರು, ಸಿಹಿನೀರಿನ ಪ್ಲನೇರಿಯಾ ಹುಳಗಳದ್ದು ಇನ್ನೂ ದೊಡ್ಡ ಖ್ಯಾತಿ. ಟಿ.ಎಚ್. ಮಾರ್ಗನ್ ಎಂಬ ಅಮೆರಿಕದ ವಿಜ್ಞಾನಿ 1898ರಲ್ಲಿ ಅವನ್ನು ಕತ್ತರಿಸುತ್ತಾ ಹೋಗಿ, ಇಡೀ ಹುಳದ 279ನೆಯ ಒಂದು ಭಾಗದಷ್ಟು ಚೂರು ಕೂಡ ಪೂರ್ತಿ ಹುಳ ಆಗಬಲ್ಲದೆಂದು ಲೆಕ್ಕ ಹಾಕಿದ. ಆಮೇಲೆ ಅವನು ಹಣ್ಣಿನ ನೊಣದ ಕಡೆ ತಿರುಗಿ 1933ರಲ್ಲಿ ನೊಬೆಲ್ ಪಡೆದ. ಹುಳ ಬಿಟ್ಟದ್ದೇ ಅವನ ಅದೃಷ್ಟಕ್ಕೆ ದಾರಿಯಾಯಿತು ಎಂದು ಮೇಷ್ಟ್ರ ಹೆಂಡತಿಯ ಅಭಿಪ್ರಾಯ.

ದೇವಿ ಮಹಾತ್ಮೆ ಯಕ್ಷಗಾನದ ಆಟ ನೋಡಿದವರಿಗೆ ಇಷ್ಟು ಹೊತ್ತಿಗೆ ಪಾತ್ರದ ಗುರುತು ಸಿಕ್ಕಿರಬೇಕು. ನೆಲಕ್ಕೆ ಬಿದ್ದ ಹನಿಹನಿ ರಕ್ತಕ್ಕೂ ಒಬ್ಬೊಬ್ಬ ಹೊಸ ರಾಕ್ಷಸ ಏಳುವ ವರ ಪಡೆದ ರಕ್ತಬೀಜ. ಕಟೀಲು ಮೇಳದವರ ಚೆಂಡೆ ಜೋರಾಗುವುದೇ ಅವನು ರಂಗಕ್ಕೆ ನುಗ್ಗಿದಾಗ. ಹೊಡೆದಷ್ಟೂ ಹೆಚ್ಚುವವನನ್ನು ಹೊಡೆಯುವುದು ಹೇಗೆ? ಪ್ರಶ್ನೆ ಪುರಾಣದ್ದು, ಮೇಷ್ಟ್ರ ಪಡಸಾಲೆಗೆ ಬಂದು ಕೂತಿತ್ತು.

ಈ ಹುಳ ಹವಳವನ್ನು ತಿನ್ನುವುದಿಲ್ಲ, ಅದು ಇನ್ನೊಂದು ಜಾತಿಯ ಕೆಲಸ. ಗಟ್ಟಿ ಹವಳ ಅಕ್ರೊಪೊರಾವನ್ನೇ ಮೇಯುವ ಅಸಲಿ ಚಪ್ಪಟೆ ಹುಳ ಬೇರೆ ಉಂಟು. ಮೇಷ್ಟ್ರ ಪುಣ್ಯ, ಅವರಲ್ಲಿ ಆ ಹವಳವೂ ಇಲ್ಲ, ಆ ಹುಳವೂ ಇಲ್ಲ. ಕೆಂಪು ಹುಳ ಮಾಡುವುದು ಹವಳದ ಮೇಲೆ ಚಾಪೆ ಹಾಸಿ ಮಲಗುವುದು ಮಾತ್ರ. ಬೆಳಕು ಚೆನ್ನಾಗಿ ಬೀಳುವ, ನೀರಿನ ಸೆಳೆತ ಕಡಿಮೆಯಿರುವ ಜಾಗ ಆರಿಸಿ ಸಾವಿರಗಟ್ಟಲೆ ಒತ್ತೊತ್ತಾಗಿ ಮಲಗುತ್ತವೆ. ಕೆಳಗಿನ ಹವಳದ ಮೈಯಲ್ಲೂ ಪಾಚಿಯೇ ಅಡಿಗೆಭಟ್ಟ. ಅವನಿಗೆ ಬೆಳಕಿಲ್ಲ, ಒಲೆ ಆರಿತು. ಝೋವಾಗಳು ಬಾಯಿ ಮುಚ್ಚಿದವು. ಮೇಷ್ಟ್ರು ಬಾಯಿ ತೆರೆದರು.

ಅಲ್ಲಿಂದ ಸಲಹೆಗಳು ಬರತೊಡಗಿದವು. ಉಡುಪಿ ಸೀಮೆಯಲ್ಲಿ ಸಾಲ ಕೇಳಿದರೆ ಸಿಗುವುದು ಕಷ್ಟ, ಸಲಹೆ ಕೇಳದೆಯೂ ಸಿಗುತ್ತದೆ.

ಪಕ್ಕದ ಮನೆಯವರು, “ಉಪ್ಪು ಹಾಕಿ” ಎಂದರು. ಮಳೆಗಾಲದಲ್ಲಿ ಮುರಕಲ್ಲಿನ ಪಾಗಾರದ ಮೇಲೆ ಸುತ್ತಿಗೆ ತಲೆಯ ಉದ್ದನೆಯ ಚಪ್ಪಟೆ ಹುಳ ಹರಿದು ಬರುತ್ತದಲ್ಲ, ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದರೆ ಕತೆ ಮುಗಿಯಿತು, ಅವರ ಅನುಭವ ಅದು. ಉಪ್ಪಿನಲ್ಲೇ ಹುಟ್ಟಿ ಉಪ್ಪಿನಲ್ಲೇ ಬೆಳೆದ ಹುಳಕ್ಕೆ ಉಪ್ಪು! ನಿಜ ಹೇಳಬೇಕೆಂದರೆ ಇಲ್ಲಿ ಲೆಕ್ಕ ತಿರುಗಿದ್ದು: ಕೆಂಪು ಹುಳಕ್ಕೆ ಸಿಹಿನೀರೇ ವಿಷ. ಹವಳದ ತುಂಡನ್ನು ಪ್ಲಗ್ಗಿನ ಸಮೇತ ಎತ್ತಿ, ಅದೇ ಬಿಸುಪಿನ ಸಿಹಿನೀರಿನಲ್ಲಿ ಕೆಲವು ಕ್ಷಣ ಅದ್ದಿ ಅಲುಗಿಸಿದರೆ ಹುಳಗಳು ಉದುರುತ್ತವೆ. ಹೆಚ್ಚು ಹೊತ್ತು ಬಿಟ್ಟರೆ ಹವಳವೂ ಹುಳದ ಹಿಂದೆಯೇ ಹೊರಡುತ್ತದೆ. ಪ್ಯಾಕೆಟ್ಟು ಬಂದ ದಿನವೇ ಇಷ್ಟು ಸ್ನಾನ ಮಾಡಿಸಿ, ಕೆಲವು ವಾರ ಬೇರೆ ಪಾತ್ರೆಯಲ್ಲಿ ಮೈಲಿಗೆಯಲ್ಲಿಟ್ಟು ಆಮೇಲೆ ಒಳಗೆ ತೆಗೆದುಕೊಳ್ಳುವುದು ಬಲ್ಲವರ ಪದ್ಧತಿ. ಮಡಿ ಮೈಲಿಗೆ ಎಂದರೆ ಮೂಗು ಮುರಿಯುವ ಮೇಷ್ಟ್ರಿಗೆ ಅಮ್ಮ ಇದನ್ನು ಈಗಲೂ ದಿನಕ್ಕೊಮ್ಮೆ ನೆನಪಿಸುತ್ತಾರೆ.

ಹೋಟೆಲಿನ ಅಡಿಗೆಯವರೊಬ್ಬರದು ಇನ್ನೊಂದು ಸಲಹೆ. “ಕಲ್ಲನ್ನೆಲ್ಲ ತೆಗೆದು ದೊಡ್ಡ ಹಂಡೆಯಲ್ಲಿ ಕುದಿಸಿಬಿಡಿ. ಇಡ್ಲಿ ಬೇಯುವಷ್ಟು ಹೊತ್ತು ಸಾಕು.” ಇಲ್ಲಿ ಹರಟೆಯನ್ನು ಒಂದು ಗಳಿಗೆ ಬದಿಗಿಡುತ್ತೇನೆ. ಝೋವಾ ಬೆಳೆದ ಕಲ್ಲನ್ನು ಕುದಿಸುವುದು, ಅದಕ್ಕೆ ಬಿಸಿನೀರು ಸುರಿಯುವುದು, ಒಣಗಿದ ಮೇಲೆ ಕೆರೆಯುವುದು, ಯಾವುದೂ ಕೂಡದು. ಈ ಬಳಗದ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಉಂಟು; ಆವಿಯ ಜೊತೆ ಅದು ಮೂಗಿಗೆ ಏರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಮಣಿಪಾಲದಲ್ಲಿ ಆಸ್ಪತ್ರೆ ಹತ್ತಿರ ಎಂಬುದು ಕುದಿಸಲಿಕ್ಕೆ ಕಾರಣ ಆಗಬಾರದು.

ಹುಳದ ಬೀಜ ಹೊರಗಿನಿಂದ ಬಂದದ್ದಾದರೂ ಗೊಬ್ಬರ ಮನೆಯದೇ. ಇದನ್ನು ಹೇಳಿದರೆ ಮೇಷ್ಟ್ರ ಮನೆಯಲ್ಲಿ ಯಾರಿಗೂ ಸಮಾಧಾನ ಆಗುವುದಿಲ್ಲ, ಆದರೆ ಹೇಳದೆ ಇರುವುದು ಹೇಗೆ? ಆ ಪೆಟ್ಟಿಗೆಯಲ್ಲಿ ಇರುವುದು ಒಂದು ಜೋಡಿ ಕ್ಲೌನ್ ಮೀನು. ಎರಡಕ್ಕೂ ಸೇರಿಸಿ ದಿನಕ್ಕೆ ಒಂದು ಚಿಟಿಕೆ ಆಹಾರ ಧಾರಾಳ. ಬೆಳಿಗ್ಗೆ ಮೇಷ್ಟ್ರು ಹಾಕುತ್ತಾರೆ. ಅವರು ಕಾಲೇಜಿಗೆ ಹೋದ ಮೇಲೆ ಅಮ್ಮ ಆ ದಾರಿಯಾಗಿ ದೇವರ ಕೋಣೆಗೆ ಹೋಗುವಾಗ ಮೀನುಗಳು ಗಾಜಿಗೆ ಬಂದು ಬಾಯಿ ಬಡಿಯುತ್ತವೆ. “ಪಾಪ, ಹಸಿವೆ ಉಂಟು ಇವಕ್ಕೆ.” ಇನ್ನೊಂದು ಚಿಟಿಕೆ. ವಾಪಸು ಬರುವಾಗಲೂ ಅವು ಬಾಯಿ ಬಡಿಯುತ್ತವೆ, ಮೀನಿಗೆ ಬೇರೆ ಉದ್ಯೋಗ ಏನು? ಇನ್ನೊಂದು ಚಿಟಿಕೆ. ಶಾಲೆಯಿಂದ ಬಂದ ಮೊಮ್ಮಗ ತನ್ನ ಪಾಲು ಹಾಕುತ್ತಾನೆ. ಉಡುಪಿಯವರ ಎದುರು ಸಾಕು ಎನ್ನಲಿಕ್ಕೆ ಮನುಷ್ಯರಿಗೇ ಆಗುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಿಂದ ಪಾಯಸ ಇಳಿಸುವವರು ಅವರು. ಕೈಯೇ ಇಲ್ಲದ ಮೀನು ಏನು ಮಾಡೀತು?

ತಿಂದು ಉಳಿದದ್ದು ಕೊಳೆಯುತ್ತದೆ, ತಿಂದದ್ದು ಇನ್ನೊಂದು ದಾರಿಯಿಂದ ಹೊರಬಿದ್ದು ಕೊಳೆಯುತ್ತದೆ. ಎರಡೂ ಸೇರಿ ನೀರಿನಲ್ಲಿ ನೈಟ್ರೇಟು, ಫಾಸ್ಫೇಟು. ಹುಳದ ಮೈಯೊಳಗಿನ ಪಾಚಿಗೆ ಅದೇ ಮೃಷ್ಟಾನ್ನ; ಹುಳ ಹಿಡಿದು ತಿನ್ನುವ ಪುಡಿ ಜೀವಿಗಳಿಗೂ ಅದರಿಂದಲೇ ಸುಗ್ಗಿ. ದೊಡ್ಡ ತೊಟ್ಟಿಯಾದರೆ ಒಂದೆರಡು ಚಿಟಿಕೆಯ ಹೆಚ್ಚುಕಡಿಮೆ ಕರಗಿಹೋಗುತ್ತದೆ. 50 ಲೀಟರಿನ ಕಡಲಿನಲ್ಲಿ ಅಮ್ಮನ ಒಂದು ಕರುಣೆ ಮೂರು ದಿನ ತೇಲುತ್ತದೆ. ಪುಟ್ಟ ರೀಫ್ ಸುಲಭ ಅಂದುಕೊಂಡು ಶುರು ಮಾಡುವವರಿಗೆ ಯಾರೂ ಹೇಳದ ಸಂಗತಿ ಇದು: ನೀರು ಕಡಿಮೆಯಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಆದ್ದರಿಂದ ಯುದ್ಧದ ಮೊದಲ ಆಜ್ಞೆ ಹೊರಟದ್ದು ಹುಳದ ಮೇಲಲ್ಲ, ಅಮ್ಮನ ಮೇಲೆ. ಆಹಾರದ ಡಬ್ಬಿಯನ್ನು ಮೇಷ್ಟ್ರು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಮ್ಮ ಎರಡು ಹೊತ್ತು ಮಾತು ಬಿಟ್ಟರು. ಆಮೇಲೆ ಮೇಷ್ಟ್ರು ಪಂಪಿನ ಮುಖ ತಿರುಗಿಸಿ ಸುಮ್ಮನಿದ್ದ ಮೂಲೆಗಳಿಗೂ ನೀರಿನ ಹೊಡೆತ ಕೊಟ್ಟರು. ಹುಳಗಳು ಒಟ್ಟಾಗಿ ಇನ್ನೊಂದು ಮೂಲೆಗೆ ಬಿಡಾರ ಬದಲಿಸಿದವು.

ಈಗ ರಂಗಕ್ಕೆ ಕಾಳಿ ಬರಬೇಕು. ಪ್ರಸಂಗದಲ್ಲಿ ಆಕೆ ನಾಲಗೆ ಚಾಚಿ, ರಕ್ತ ನೆಲ ಮುಟ್ಟುವ ಮೊದಲೇ ಹೀರುತ್ತಾಳೆ. ಹನಿ ಬೀಳದಿದ್ದರೆ ಹೊಸ ರಾಕ್ಷಸ ಏಳುವುದಿಲ್ಲ. ಮೇಷ್ಟ್ರ ಮನೆಯ ಕಾಳಿ ಒಂದು ಸಪೂರ ಪ್ಲಾಸ್ಟಿಕ್ ಪೈಪು. ಮಧ್ಯಾಹ್ನ ದೀಪ ಜೋರಾಗಿದ್ದಾಗ ಹುಳಗಳು ಬಿಸಿಲು ಕಾಯಲಿಕ್ಕೆ ಗಾಜಿಗೂ ಕಲ್ಲಿನ ನೆತ್ತಿಗೂ ಬರುತ್ತವೆ. ಆಗ ಪಂಪು ನಿಲ್ಲಿಸಿ, ಪೈಪಿನ ಒಂದು ತುದಿ ಬಕೆಟ್ಟಿಗೆ ಬಿಟ್ಟು, ಇನ್ನೊಂದು ತುದಿಯನ್ನು ಹುಳದ ಮೇಲೆ ಹಿಡಿದರೆ ಅದು ಇಡಿಯಾಗಿ ಒಳಗೆ ಹೋಗುತ್ತದೆ. ಉಜ್ಜಬಾರದು, ಕೆರೆಯಬಾರದು. ಚೂರಾಗಿ ತೇಲಿದರೆ ಯಾವ ಮೂಲೆಯಲ್ಲಿ ಮೊಗ್ಗಾಗಿ ಏಳುತ್ತದೋ ಹೇಳುವುದು ಕಷ್ಟ. ಬಕೆಟ್ಟಿನ ಬಾಯಿಗೆ ಅಮ್ಮ ಕಷಾಯ ಸೋಸುವ ತೆಳು ಬಟ್ಟೆ ಕಟ್ಟಿದರೆ ಹುಳ ಮೇಲೆ ನಿಲ್ಲುತ್ತದೆ, ನೀರು ಕೆಳಗಿಳಿಯುತ್ತದೆ, ಅದೇ ನೀರನ್ನು ಮತ್ತೆ ಸುರಿಯಬಹುದು. ರೆಡ್ ಸೀ ಉಪ್ಪು ಉಳಿಯಿತು. ಕಷಾಯ ಮಾತ್ರ ಆ ಮನೆಯಲ್ಲಿ ಆಮೇಲೆ ಯಾರೂ ಕುಡಿಯಲಿಲ್ಲ.

ಮೇಷ್ಟ್ರು ಇದನ್ನು ಮಾಡುವುದು ನೋಡಲು ನಾವು ಕೆಲವರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಬಾಯಿಯಿಂದ ಪೈಪು ಹೀರಿ ನೀರು ಹರಿಸಬೇಕಲ್ಲ, ಆ ಮೊದಲ ಗುಟುಕಿನ ಹೊತ್ತಿಗೆ ಅವರ ಮುಖ ಬಣ್ಣದ ವೇಷಕ್ಕೆ ಏನೂ ಕಡಿಮೆ ಇರಲಿಲ್ಲ. ಪತ್ತನಾಜೆ ಕಳೆದು ಊರಿನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೂ ಈ ಒಂದು ಆಟ ಮಣಿಪಾಲದಲ್ಲಿ ನಡೆಯುತ್ತಲೇ ಇತ್ತು.

ಬಕೆಟ್ಟಿನ ಹುಳವನ್ನು ಏನು ಮಾಡುವುದು? ಕಾಪುವಿನ ಅಣ್ಣನಿಗೆ ಫೋನು ಹೋಯಿತು, ಕಡಲಿಗೆ ಬಿಡಬಹುದೇ ಎಂದು. ಬೋಟು ಕಟ್ಟಿ ಹಾಕಿ ಮನೆಯಲ್ಲಿ ಕೂತ ಹೊತ್ತು; ಜೂನ್ ಒಂದರಿಂದ ಜುಲೈ ಕೊನೆಯ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಅಣ್ಣ ಅಷ್ಟು ಸಿಟ್ಟಾದದ್ದನ್ನು ನಾನು ಕೇಳಿದ್ದಿಲ್ಲ. “ನೀವು ಯಾವ ದೇಶದ್ದೋ ಹುಳ ಸಾಕಿ, ಅದು ಬೇಡವಾದ ಮೇಲೆ ನಮ್ಮ ಕಡಲಿಗೆ ಬಿಡುವುದಾ? ಬಂಗುಡೆ ಹುಡುಕಿಯೇ ನಮಗೆ ಸುಸ್ತು. ಹುಳದ ಬಲೆ ಬೇರೆ ನೇಯಲಾ?” ಅವರು ಹೇಳಿದ್ದು ಸರಿ. ಅಕ್ವೇರಿಯಂನ ನೀರು, ಕಲ್ಲು, ಹುಳ, ಯಾವುದನ್ನೂ ಹೊಳೆಗೂ ಕಡಲಿಗೂ ಬಿಡಬಾರದು. ಬ್ಲೀಚಿಂಗ್ ಪುಡಿ ಕಲಸಿ ಕೊಂದು, ಬಚ್ಚಲಿಗೆ ಬಿಡುವುದು ಮೇಲು.

ಪೈಪಿನಿಂದ ಮುಕ್ಕಾಲು ಪಾಲು ಹೋಗುತ್ತದೆ, ಉಳಿದದ್ದಕ್ಕೆ ಮದ್ದು. ‘ಫ್ಲ್ಯಾಟ್‌ವರ್ಮ್ ಎಕ್ಸಿಟ್’ ಎಂಬ ಪುಟ್ಟ ಬಾಟಲಿ ಈ ಲೋಕದಲ್ಲಿ ಪ್ರಸಿದ್ಧ. ಹನಿ ಎಣಿಸಿ ಹಾಕಿದರೆ ಒಂದು ಗಂಟೆಯೊಳಗೆ ಹುಳಗಳು ಸುರುಟಿಕೊಂಡು ಉದುರುತ್ತವೆ. ಅಪಾಯ ಶುರುವಾಗುವುದು ಆಗಲೇ. ಬದುಕಿರುವ ರಕ್ತಬೀಜನಿಗಿಂತ ಸತ್ತವನು ಕೆಟ್ಟವನು: ಹುಳದ ಮೈಯಲ್ಲಿ ವಿಷ ಉಂಟು, ಸಾವಿರ ಹುಳ ಒಟ್ಟಿಗೆ ಸತ್ತರೆ ಅದೆಲ್ಲ ನೀರಿಗೆ ಇಳಿಯುತ್ತದೆ. ಮದ್ದಿನಿಂದ ಸಾಯದ ಮೀನು ಆ ವಿಷದಿಂದ ಸಾಯುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ಬೇಗ ಸಾಯುತ್ತದೆ. ಅದಕ್ಕೇ ಮೊದಲು ಹೀರುವುದು, ಆಮೇಲೆ ಮದ್ದು. ಸಕ್ರಿಯ ಇದ್ದಿಲಿನ ಚೀಲ ಕೈಯಲ್ಲೇ, ಹೊಸ ಉಪ್ಪುನೀರು ಬಕೆಟ್ಟಿನಲ್ಲಿ ತಯಾರು. ಹುಳ ಉದುರಿದ ಹಾಗೇ ಪೈಪು ಹಿಡಿದು ತೆಗೆಯುವುದು, ಕೂಡಲೇ ಇದ್ದಿಲು ಹಾಕುವುದು, ನೀರು ಬದಲಿಸುವುದು. ಕೆಲವು ದಿನ ಬಿಟ್ಟು ಇನ್ನೊಮ್ಮೆ. ಈ ಅನುಕ್ರಮವನ್ನು ಮೇಷ್ಟ್ರು ಕಾಗದದಲ್ಲಿ ಬರೆದು ಗಾಜಿಗೆ ಅಂಟಿಸಿದರು. ಕಾಗದದ ಹಿಂದೆ ಹುಳಗಳು ಬಂದು ಕೂತವು. ಓದುತ್ತಿವೆ ಎಂದು ಮೊಮ್ಮಗ ಹೇಳಿದ.

ಹುಡುಗನ ಮಾತು ತಮಾಷೆಯಾದರೂ ಇಂಥ ಶಂಕೆ ದೊಡ್ಡವರಿಗೂ ಬಂದದ್ದುಂಟು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಮೆಕಾನೆಲ್ ಎಂಬವರು ಪ್ಲನೇರಿಯಾಗಳಿಗೆ ಪಾಠ ಕಲಿಸಿ, ಕಲಿತವನ್ನು ಕತ್ತರಿಸಿ ಕಲಿಯದವಕ್ಕೆ ತಿನ್ನಿಸಿ, ತಿಂದವಕ್ಕೂ ಪಾಠ ಬಂತು ಎಂದು 1962ರಲ್ಲಿ ಪ್ರಕಟಿಸಿದರು. ಬೇರೆಯವರು ಮಾಡಿ ನೋಡಿದಾಗ ಫಲಿತಾಂಶ ಸರಿಯಾಗಿ ನಿಲ್ಲಲಿಲ್ಲ. ಮೇಷ್ಟರನ್ನು ಕತ್ತರಿಸಿ ಬಡಿಸಿದರೆ ಹುಡುಗರು ಪಾಸಾಗುತ್ತಾರೆ ಎಂಬ ಆಸೆ ಅಲ್ಲಿಗೆ ಮುಗಿಯಿತು, ಮಣಿಪಾಲದಲ್ಲಿ ಅನೇಕರಿಗೆ ನೆಮ್ಮದಿ.

ಕಾರ್ಕಳದ ಭಾವನಿಗೆ ಈ ಬಾಟಲಿಯ ಬೆಲೆ ಕೇಳಿ ನಗು ತಡೆಯಲಾಗಲಿಲ್ಲ. ಆನೆಕೆರೆಯ ಹತ್ತಿರದ ಮನೆ, ಹಟ್ಟಿ ತುಂಬ ಹಸು. ಪೇಟೆಯವರ ಹುಳ ನೋಡಿ ಹೆದರುವ ಜನ ಅಲ್ಲ. ಅವರಿಗೆ ಗೊತ್ತಿರುವ ಚಪ್ಪಟೆ ಹುಳ ಫ್ಯಾಸಿಯೋಲ, ಹಸುವಿನ ಪಿತ್ತನಾಳದಲ್ಲಿ ಕೂರುವ ಎಲೆಯಾಕಾರದ್ದು. ಗದ್ದೆಯ ನೀರಿನ ಬಸವನಹುಳದೊಳಗೆ ಅರ್ಧ ಜೀವನ ಕಳೆದು, ಹುಲ್ಲಿಗೆ ಅಂಟಿ, ಹಸುವಿನ ಹೊಟ್ಟೆ ಸೇರುತ್ತದೆ. ಹಾಲು ಇಳಿಯುತ್ತದೆ, ದವಡೆಯ ಕೆಳಗೆ ನೀರು ತುಂಬಿ ಜೋಲುತ್ತದೆ. “ಹುಳ ಅಂದರೆ ಅದು. ನಿಮ್ಮದು ಚುಕ್ಕಿ” ಎಂದರು ಭಾವ. ಅವರೇ ತಮ್ಮ ಕಪಾಟಿನಿಂದ ದನದ ಜಂತುಹುಳದ ಮದ್ದು ಲೆವಾಮಿಸೋಲ್ ತೆಗೆದುಕೊಟ್ಟರು. ಹೊರದೇಶದ ಹವ್ಯಾಸಿಗಳಲ್ಲಿ ಕೆಲವರು ಕೆಂಪು ಹುಳಕ್ಕೆ ಇದನ್ನೇ ಬಳಸುವುದೂ ಹೌದು. ಆದರೆ ಬಾಟಲಿಯ ಮೇಲಿನ ಪ್ರಮಾಣ ಇರುವುದು ಹಸುವಿನ ತೂಕಕ್ಕೆ. ಮೇಷ್ಟ್ರು ತೊಟ್ಟಿಯನ್ನು ಹಸು ಎಂದು ಭಾವಿಸಿ ಲೆಕ್ಕ ಮಾಡಲು ಕೂತರು. ಹೆಂಡತಿ ಬಾಟಲಿ ಕಿತ್ತುಕೊಂಡರು. ಆ ಮನೆಯಲ್ಲಿ ಸರಿಯಾದ ತೀರ್ಮಾನ ಯಾರದು ಎಂದು ಇಷ್ಟರಲ್ಲಿ ನಿಮಗೂ ಗೊತ್ತಾಗಿರಬೇಕು.

ಹುಳ ತಿನ್ನುವ ಮೀನು ತಂದರೆ? ಆರು ಗೆರೆಯ ಸಿಕ್ಸ್‌ಲೈನ್ ರ‍್ಯಾಸ್ ಎಂಬುದನ್ನು ಎಲ್ಲ ಅಂಗಡಿಯವರೂ ಶಿಫಾರಸು ಮಾಡುತ್ತಾರೆ. ಅದು ಹುಳ ತಿಂದರೂ ತಿಂದೀತು, ತಿನ್ನದೆಯೂ ಇದ್ದೀತು. ಪುಟ್ಟ ತೊಟ್ಟಿಯಲ್ಲಿ ದೊಡ್ಡವನಾದ ಮೇಲೆ ಉಳಿದ ಮೀನುಗಳ ಮೇಲೆ ದಬ್ಬಾಳಿಕೆ ಮಾಡುವುದು ಮಾತ್ರ ಹೆಚ್ಚುಕಡಿಮೆ ಖಂಡಿತ. ಮೇಷ್ಟ್ರು ಬೇಡ ಅಂದರು. ಬದಲಿಗೆ, ಚೆನ್ನೈ ಕಡೆಯಿಂದ ಯಾರೋ ತರಿಸಿಕೊಟ್ಟ ಒಂದು ಕಡಲ ಗೊಂಡೆಹುಳ ಬಂತು. ಕೆಲಿಡೊನೂರ ವೇರಿಯನ್ಸ್: ಮಕಮಲ್ಲಿನಂತೆ ಕಪ್ಪು ಮೈ, ಅಂಚಿಗೆ ಮಿಂಚುವ ನೀಲಿ ಗೆರೆ. ಧರ್ಮಸ್ಥಳದ ಲಕ್ಷದೀಪಕ್ಕೆ ಹೊರಟ ಸೀರೆ ಎಂದು ಅಮ್ಮ. ಈ ಪ್ರಾಣಿಯ ಊಟದ ಎಲೆಯಲ್ಲಿ ಬೇರೆ ಪದಾರ್ಥವೇ ಇಲ್ಲ, ಇಂಥ ಹುಳಗಳೇ ಬೇಕು. ಬಿಟ್ಟ ತಕ್ಷಣ ತಲೆ ಅಲ್ಲಾಡಿಸುತ್ತಾ ಹೊರಟು, ಸಿಕ್ಕಿದ ಹುಳವನ್ನು ಸುಯ್ಯೆಂದು ಒಳಗೆ ಎಳೆದುಕೊಂಡಿತು. ಚೂರು ಇಲ್ಲ, ಹನಿ ಇಲ್ಲ. ನೋಡುತ್ತಿದ್ದ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಹುಳ ಹೋಯಿತು. ಪೂರ್ತಿ ಹೋಯಿತು. ಯಾರಿಂದ ಹೋಯಿತು ಎಂಬುದರ ಮೇಲೆ ಈಗ ಆ ಮನೆಯಲ್ಲಿ ನಾಲ್ಕು ಪಕ್ಷ. ಪೈಪಿನಿಂದ ಎಂದು ಮೇಷ್ಟ್ರು. ಬಾಟಲಿಯಿಂದ ಎಂದು ಕೆಳಗಿನ ಮಹಡಿಯ ಹುಡುಗಿ. ಗೊಂಡೆಹುಳದಿಂದ ಎಂದು ಮೊಮ್ಮಗ. ಅಮ್ಮ ಕಟೀಲಿಗೆ ಹೂವಿನ ಪೂಜೆ ಹೇಳಿಕೊಂಡಿದ್ದರಂತೆ, ಅದು ಕೊನೆಗೆ ಬಹಿರಂಗವಾಯಿತು. ಈ ಹುಳದ ಸ್ವಭಾವ ಬಲ್ಲವರು ಐದನೆಯ ಪಕ್ಷ ಒಂದನ್ನು ಕಟ್ಟುತ್ತಾರೆ: ಏರಿದ ಸಂಖ್ಯೆ ಎಷ್ಟೋ ತೊಟ್ಟಿಗಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಕುಸಿಯುತ್ತದೆ. ನೀರಿನಲ್ಲಿ ಪೋಷಕಾಂಶ ಇಳಿಯಿತು, ಊಟ ತೀರಿತು, ಗುಂಪು ಕರಗಿತು. ಅಂದರೆ ಕಪಾಟಿಗೆ ಬೀಗ ಬಿದ್ದ ದಿನವೇ ರಕ್ತಬೀಜನ ವರ ಮುಗಿದಿರಲಿಕ್ಕೂ ಸಾಕು. ಇದನ್ನು ನಾನು ಮೇಷ್ಟ್ರ ಮುಂದೆ ಒಮ್ಮೆ ಆಡಿದೆ. ಅಷ್ಟು ತಿಂಗಳು ಉಪ್ಪುನೀರು ಕುಡಿದ ಮನುಷ್ಯನ ಮುಂದೆ ಆಡುವ ಮಾತಲ್ಲ.

ಸದ್ಯದ ಸಮಸ್ಯೆ ಬೇರೆ. ಗೊಂಡೆಹುಳಕ್ಕೆ ಹಸಿವೆ. ಹುಳ ಮುಗಿದರೆ ಅದು ಉಪವಾಸ ಬಿದ್ದು ಸಾಯುತ್ತದೆ, ಬೇರೆ ಏನು ಕೊಟ್ಟರೂ ಮೂಸುವುದಿಲ್ಲ. “ಹಸಿದವರನ್ನು ಮನೆಯಲ್ಲಿಟ್ಟುಕೊಂಡು ನಾನು ಊಟ ಮಾಡುವುದು ಹೇಗೆ?” ಎಂದು ಅಮ್ಮ ಕಪಾಟಿನ ಬೀಗದ ಕೈ ಕೇಳುತ್ತಿದ್ದಾರೆ. ಮೇಷ್ಟ್ರು ಉಡುಪಿ, ಕುಂದಾಪುರ, ಮಂಗಳೂರಿನ ರೀಫ್ ಮಿತ್ರರಿಗೆಲ್ಲ ಫೋನು ಮಾಡಿ, “ನಿಮ್ಮಲ್ಲಿ ಚಪ್ಪಟೆ ಹುಳ ಉಂಟಾ?” ಎಂದು ವಿಚಾರಿಸುತ್ತಿದ್ದಾರೆ. ಇದ್ದರೂ ಇದೆ ಎಂದು ಯಾರು ಒಪ್ಪುತ್ತಾರೆ? ಮರ್ಯಾದೆ ಪ್ರಶ್ನೆ.

ಕೊನೆಗೆ ಸಿಕ್ಕಿದ್ದು ಕಾರ್ಕಳದಲ್ಲೇ. ಭಾವನ ಮಗ ಅಪ್ಪನಿಗೆ ತಿಳಿಯದ ಹಾಗೆ ಹಟ್ಟಿಯ ಅಟ್ಟದ ಮೇಲೆ ಒಂದು ಸಣ್ಣ ತೊಟ್ಟಿ ಇಟ್ಟಿದ್ದನಂತೆ; ಮೇಷ್ಟ್ರ ಮನೆಗೆ ಬಂದಿದ್ದಾಗ ಝೋವಾದ ಒಂದು ತುಂಡನ್ನು ಜೇಬಿನಲ್ಲಿ ಒಯ್ದಿದ್ದನಂತೆ. ಈಗ ಅವನ ತೊಟ್ಟಿಯ ಗಾಜು ಪೂರ್ತಿ ಕೆಂಪು. ಗೊಂಡೆಹುಳವನ್ನು ನೀರಿನ ಸಮೇತ ಡಬ್ಬಿಗೆ ತುಂಬಿಸಿ ಮೊನ್ನೆ ಹಿರಿಯಡ್ಕ ದಾರಿಯ ಬಸ್ಸು ಹತ್ತಿಸಿದೆವು. ಕಂಡಕ್ಟರು ಡಬ್ಬಿ ಅಲ್ಲಾಡಿಸಿ, “ಇದೆಂತ, ಉಪ್ಪಿನಕಾಯಾ?” ಎಂದು ಕೇಳಿದ. ಔಷಧ ಎಂದರು ಮೇಷ್ಟ್ರು. ಅವನು ಅರ್ಧ ಟಿಕೆಟ್ ಹರಿದ.